ಏಳನೆಯ ಫೋಟೋ

ಮಗಳು ಊಟದ ಮೇಜಿನ ಮೇಲೆ ಹನ್ನೆರಡು ಫೋಟೋಗಳನ್ನು ಎರಡು ಸಾಲಾಗಿ ಜೋಡಿಸುತ್ತಿದ್ದಾಗ ಅವನು ಬ್ರೆಡ್ಡಿನ ಚೂರನ್ನು ಚಹಾದಲ್ಲಿ ಅದ್ದುತ್ತಿದ್ದ. ಏಳನೆಯದರ ಮೇಲೆ ಕಣ್ಣು ಬಿದ್ದದ್ದೇ ಚೂರು ಕೈ ಜಾರಿ ಲೋಟದ ತಳ ಸೇರಿತು. ಚಮಚ ತೆಗೆದುಕೊಂಡು ಅದನ್ನು ಹುಡುಕುವ ನೆಪದಲ್ಲಿ ಅವನು ತಲೆ ತಗ್ಗಿಸಿದ. 'ಅಪ್ಪ, ಸರಿಯಾಗಿ ನೋಡು, ಇವತ್ತೇ ಕೊನೇ ದಿನ' ಎಂದಳು ಮಗಳು. ಸರಿಯಾಗಿ ನೋಡುವುದೇ ಅವನ ಹೊಟ್ಟೆಪಾಡು. ಇಪ್ಪತ್ತೆಂಟು ವರ್ಷಗಳಿಂದ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಊರಿನವರ ಮುಖಗಳನ್ನು ತಿದ್ದಿದ್ದಾನೆ. ಮೊಡವೆ ಅಳಿಸಿದ್ದಾನೆ, ಮುಚ್ಚಿದ ಕಣ್ಣು ತೆರೆಸಿದ್ದಾನೆ, ಬೋಳುತಲೆಗೆ ಒಂದಿಷ್ಟು ಕೂದಲು ಕೊಟ್ಟಿದ್ದಾನೆ, ಮಾತು ಬಿಟ್ಟ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಗುಂಪಿನಿಂದ ತೆಗೆದುಹಾಕಿ ಆ ಜಾಗದಲ್ಲಿ ಹೂಕುಂಡ ಇಟ್ಟಿದ್ದಾನೆ. ಊರಲ್ಲಿ ಎಲ್ಲರೂ ಅವನನ್ನು ಟಚಿಂಗ್ ಮಾಸ್ಟರ್ ಎನ್ನುತ್ತಾರೆ. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾಳೆ.

ಹನ್ನೆರಡೂ ಬೇರೆ ಬೇರೆ ಮನೆಗಳ ಗೋಡೆಗಳು. ಜನ ಗೋಡೆಗೆ ಏನನ್ನು ತೂಗುಹಾಕುತ್ತಾರೆ, ಅದರ ಕೆಳಗೆ ಹೇಗೆ ಬದುಕುತ್ತಾರೆ ಎನ್ನುವುದನ್ನು ಅವಳು ನಾಲ್ಕು ತಿಂಗಳು ಮನೆಮನೆ ಅಲೆದು ತೆಗೆದಿದ್ದಳು. ಏಳನೆಯದರಲ್ಲಿ ಒಂದು ಚಿಕ್ಕ ಕೋಣೆ, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಮುಂದೆ ಪಕ್ಕಕ್ಕೆ ತಿರುಗಿ ಕೂತ ಐವತ್ತರ ಹೆಂಗಸು, ಅವಳ ಮಡಿಲಲ್ಲಿ ಕತ್ತರಿ. ಅವಳ ತಲೆಯ ಮೇಲಿನ ಗೋಡೆಯಲ್ಲಿ, ಕಪ್ಪು ಕಟ್ಟಿನ ಫೋಟೋದೊಳಗೆ ಐದು ವರ್ಷದ ಒಂದು ಹುಡುಗಿ. ದುಂಡು ಕಾಲರಿನ ಫ್ರಾಕು, ಎಡಕ್ಕೆ ತೆಗೆದ ಬೈತಲೆ. ಮುಖ ಮಾತ್ರ ಈಗ ಮೇಜಿನ ಆಚೆ ನಿಂತು ಉಗುರು ಕಚ್ಚುತ್ತಿರುವ ಮಗಳದು. ಹದಿಮೂರು ವರ್ಷ ಆ ಹೆಂಗಸಿನ ಓಣಿಗೆ ಕಾಲಿಡದೆ, ಅದರ ಮುಂದಿನ ಗಿರಣಿಗೆ ಹೋಗಬೇಕಾದಾಗಲೂ ಸುತ್ತುದಾರಿ ಹಿಡಿದು ಅವನು ತಪ್ಪಿಸಿಕೊಂಡಿದ್ದ ಮುಖ ತಾನಾಗಿಯೇ ಮನೆಗೆ ಬಂದು ಮೇಜಿನ ಮೇಲೆ ಕೂತಿತ್ತು.

'ಈ ಮಗು ನನ್ನ ಥರಾನೇ ಇದೆ ಅಲ್ವಾ ಅಪ್ಪ?' ಎಂದಳು.

'ಆ ವಯಸ್ಸಲ್ಲಿ ಎಲ್ಲಾ ಮಕ್ಕಳೂ ಒಂದೇ ಥರ, ದುಂಡು ಮುಖ, ಮೋಟು ಮೂಗು' ಎಂದಳು ಒಲೆಯ ಮುಂದಿದ್ದ ಅವಳ ಅಮ್ಮ, ತಿರುಗಿಯೂ ನೋಡದೆ.

'ಯಾರ ಮನೆ ಇದು?' ಗೊತ್ತಿಲ್ಲದವನ ಹಾಗೆ ಅವನು ಕೇಳಿದ. ತನ್ನ ದನಿ ಎಷ್ಟು ಸಲೀಸಾಗಿ ಸುಳ್ಳು ಹೇಳಿತು ಎಂದು ತನಗೇ ನಾಚಿಕೆಯಾಯಿತು.

'ಗಿರಣಿ ಹಿಂದಿನ ಓಣೀಲಿ ಹೊಲಿಗೆ ಆಂಟಿ ಇದಾರಲ್ಲ, ಅವರದು. ಅವರ ಮಗಳಂತೆ. ಜ್ವರ ಬಂದು ಹೋಗ್ಬಿಟ್ಳಂತೆ, ಇದ್ದಿದ್ರೆ ನನ್ನ ವಯಸ್ಸೇ. ನಾನು ಮೊದಲ ಸಲ ಹೋದಾಗ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ್ರು. ಆಮೇಲೆ ಎರಡೂ ಕೈಯಲ್ಲಿ ಮುಖ ಹಿಡ್ಕೊಂಡ್ರು. ನಂಗೆ ಒಂಥರಾ ಆಯ್ತು. ಆದ್ರೂ ಬಿಡಿಸ್ಕೊಳ್ಳಲಿಲ್ಲ. ಈಗ ಶನಿವಾರ ಶನಿವಾರ ಹೋಗ್ತೀನಿ.'

ಅವಳ ಮುಂದೆ ಎರಡು ಕಾಲೇಜುಗಳಿದ್ದವು, ಎರಡಕ್ಕೂ ಕಾಗದ ಕಳಿಸಲು ಅದೇ ಕೊನೆಯ ದಿನ. ಒಂದು ಹತ್ತಿರದ್ದು, ಬಸ್ಸಿನಲ್ಲಿ ಒಂದೂವರೆ ಗಂಟೆ. ಅಲ್ಲಿ ವೀಡಿಯೋ ಎಡಿಟಿಂಗ್, ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವುದು, ಜಾಹೀರಾತು ಮಾಡುವುದು ಕಲಿಸುತ್ತಾರೆ. ಸೀಟು ಆಗಲೇ ಸಿಕ್ಕಿತ್ತು, ಅಪ್ಪನ ಒಂದು ಸಹಿ ಹಾಕಿಸಿ ಕಳಿಸಿದರೆ ಮುಗಿಯಿತು. ಇನ್ನೊಂದು ದೂರದ್ದು, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ. ಮುಚ್ಚಿಹೋದ ನೂಲಿನ ಕಾರ್ಖಾನೆಯ ಕಟ್ಟಡದಲ್ಲಿ ನಡೆಯುವ, ಸಿನಿಮಾ ಮತ್ತು ಛಾಯಾಗ್ರಹಣ ಕಲಿಸುವ ಹಳೆಯ ಕಾಲೇಜು. ವರ್ಷಕ್ಕೆ ಹದಿನಾರೇ ಮಂದಿ. ಅವರು ಅಂಕ ಕೇಳುವುದಿಲ್ಲ. ಹನ್ನೆರಡು ಫೋಟೋ ಕಳಿಸಿ, ಅದರಲ್ಲಿ ಒಂದನ್ನು ಆರಿಸಿ ಅದರ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಒಂದು ಪುಟದಲ್ಲಿ ಬರೆಯಿರಿ ಎನ್ನುತ್ತಾರೆ. ಒಪ್ಪಿಗೆಯಾದರೆ ಎದುರಿಗೆ ಕೂರಿಸಿಕೊಂಡು ಆ ಒಂದು ಫೋಟೋ ಬಗ್ಗೆಯೇ ಅರ್ಧ ಗಂಟೆ ಮಾತಾಡಿಸುತ್ತಾರೆ. ಮಗಳು ಆರಿಸಿದ್ದು ಏಳನೆಯದನ್ನು.

ನೋಡುವುದನ್ನೇ ಕಲಿಸುವ ಜನ ಅವರು. ಎದುರಿಗೆ ಕೂತ ಹುಡುಗಿಯ ಮುಖ, ಕೈಯಲ್ಲಿರುವ ಫೋಟೋ, ಎರಡನ್ನೂ ನೋಡಿ ನಿಮಿಷದೊಳಗೆ ಕೇಳಿಬಿಡುತ್ತಾರೆ, ಇದು ನೀನೇ ಅಲ್ಲವಾ ಎಂದು. ಅಪ್ಪ ಎಂಥವನು ಎಂದು ಅವಳು ಪರವೂರಿನಲ್ಲಿ, ಪರರ ಬಾಯಿಂದ ತಿಳಿದುಕೊಳ್ಳುತ್ತಾಳೆ. ಇದು ಹೊಳೆದ ಕ್ಷಣವೇ ಅವನ ಬಾಯಿ ಹತ್ತಿರದ ಕಾಲೇಜಿನ ಪರವಾಗಿ ಮಾತಾಡತೊಡಗಿತ್ತು. ದೂರದೂರಿನ ಹಾಸ್ಟೆಲ್ಲು, ಊಟ, ಆರೋಗ್ಯ, ಓದು ಮುಗಿದ ಮೇಲೆ ಕೆಲಸ, ಎಲ್ಲವೂ ಹೆಂಡತಿಯಿಂದ ಕಡ ತಂದ ಮಾತುಗಳು. ಮೊನ್ನೆಯವರೆಗೆ ಇದೇ ಮಾತುಗಳಿಗೆ ಎದುರು ನಿಂತು ಮಗಳ ಕಡೆ ವಾದಿಸಿದವನು ಇವನೇ. ಹೆಂಡತಿ ಒಲೆ ಆರಿಸಿ ಬೆರಗಾಗಿ ಅವನನ್ನೇ ನೋಡುತ್ತ ನಿಂತಳು. ಮಗಳು ಹತ್ತಿರದ ಕಾಲೇಜಿನ ಕಾಗದವನ್ನು ಅವನ ಮುಂದೆ ಸರಿಸಿದಳು. ಅವನು ಸಹಿ ಹಾಕಿದ. 'ಇದು ಇರಲಿ. ಆದ್ರೆ ನಾನಿನ್ನೂ ತೀರ್ಮಾನ ಮಾಡಿಲ್ಲ. ನಾಲ್ಕು ಗಂಟೆಗೆ ಸ್ಟುಡಿಯೋಗೆ ಬರ್ತೀನಿ, ಕೊರಿಯರ್ ಆಫೀಸಿಗೆ ಒಟ್ಟಿಗೆ ಹೋಗೋಣ' ಎಂದು ಅವಳು ಫೋಟೋಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಏಳನೆಯದನ್ನು ಎತ್ತುವಾಗ ಅದರ ಮೇಲೆ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಮೆಲ್ಲಗೆ ಊದಿದಳು.

ಸ್ಟುಡಿಯೋದ ಬಾಗಿಲು ಎತ್ತಿ, ಕಂಪ್ಯೂಟರ್ ಹಾಕಿ, ಪಾಸ್‌ಪೋರ್ಟ್ ಅಳತೆಯ ಎರಡು ಮುಖಗಳ ಹಿಂದೆ ಬಿಳಿ ಬಣ್ಣ ತುಂಬಿದ ಮೇಲೆ ಮಾಡಲು ಕೆಲಸವಿದ್ದರೂ ಕೈ ಓಡಲಿಲ್ಲ. ಹದಿಮೂರು ವರ್ಷದ ಹಿಂದೆ ಈ ಕಂಪ್ಯೂಟರ್ ಇರಲಿಲ್ಲ. ಪೆನ್ಸಿಲ್ಲು, ಮೂರೇ ಕೂದಲಿನ ಕುಂಚ, ಭೂತಗನ್ನಡಿ, ಒಂದು ದೀಪ. ಹೊಲಿಗೆಯಾಕೆಯ ಗಂಡ, ಲಾರಿ ಓಡಿಸುವ ಮನುಷ್ಯ, ಒಂದು ಮಧ್ಯಾಹ್ನ ಬಂದು ಅಂಗಿಯ ಜೇಬಿನಿಂದ ಒಂದು ಗುಂಪಿನ ಫೋಟೋ ತೆಗೆದಿದ್ದ. ಯಾರದೋ ಮದುವೆಯದು, ಮೂವತ್ತು ಜನ. ಕೊನೆಯ ಸಾಲಿನಲ್ಲಿ ಒಬ್ಬನ ಮೊಣಕೈಯ ಪಕ್ಕ ಮೆಣಸಿನ ಕಾಳಿನಷ್ಟು ಒಂದು ಮುಖ. ಅದೂ ಅಲುಗಾಡಿದ್ದು. 'ಇದೊಂದೇ ಇರೋದು ಮಾಸ್ಟ್ರೇ. ದೊಡ್ಡದು ಮಾಡಿಕೊಡಿ. ಇವಳಮ್ಮ ಎದ್ದು ಕೂರ್ತಿಲ್ಲ' ಎಂದ. ಆಗುವುದಿಲ್ಲ ಎನ್ನಬೇಕಿತ್ತು. ಆಗುವುದಿಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೈಚಳಕದ ಬಗ್ಗೆ ಊರು ಹೊಗಳಿ ಹೊಗಳಿ ಆ ಕಾಲಕ್ಕೆ ಅವನಿಗೆ ಸ್ವಲ್ಪ ತಲೆ ತಿರುಗಿತ್ತು ಎಂದರೂ ಸುಳ್ಳಲ್ಲ.

ಕೆಲಸ ಕಲಿಸಿದ ಯಜಮಾನರು ಮೊದಲ ದಿನವೇ ಹೇಳಿದ್ದ ಮಾತು ಒಂದೇ. ಗಿರಾಕಿ ತಂದ ಫೋಟೋ ಮೇಲೆ ಪೆನ್ಸಿಲ್ ಇಡಬೇಡ. ಅದರ ಫೋಟೋ ತೆಗಿ, ದೊಡ್ಡದು ಮಾಡು, ನಿನ್ನ ಆಟವನ್ನೆಲ್ಲ ಅದರ ಮೇಲೆ ಆಡು. ಅವನು ಮೂರು ಸಲ ಹಾಗೆಯೇ ಮಾಡಿದ. ಮೂರು ಸಲವೂ ದೊಡ್ಡದಾಗಿ ಬಂದದ್ದು ಬರಿಯ ಬೂದು ಮಚ್ಚೆ. ಮೂಲದಲ್ಲೇ ದವಡೆಯ ಗೆರೆ ಒಂದಿಷ್ಟು ಗಟ್ಟಿಯಾದರೆ ಕ್ಯಾಮೆರಾ ಹಿಡಿಯುತ್ತದೆ ಅನ್ನಿಸಿತು. ಒಂದೇ ಒಂದು ಗೆರೆ. ಆಮೇಲೆ ಹುಬ್ಬು. ಹುಬ್ಬು ಬಂದ ಮೇಲೆ ಕಣ್ಣಿಲ್ಲದೆ ಇರಲು ಅದಕ್ಕೆ ಆಗಲಿಲ್ಲ. ಭೂತಗನ್ನಡಿಯ ಕೆಳಗೆ ಕುಂಚ ತಾನಾಗಿ ಓಡುತ್ತಿತ್ತು, ಮನಸ್ಸು ತುಂಬಾ ಶಾಂತವಾಗಿತ್ತು, ಬದುಕಿನಲ್ಲಿ ಅಂಥ ಶಾಂತಿ ಮತ್ತೆ ಬಂದದ್ದಿಲ್ಲ. ಬೀದಿ ದೀಪ ಹತ್ತುವ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಿ ನೋಡಿದರೆ ಮೊಣಕೈಯ ಪಕ್ಕದಿಂದ ಅವನನ್ನು ನೋಡುತ್ತಿದ್ದವಳು ಅವನ ಮಗಳು. ಕೈಗೆ ಗೊತ್ತಿದ್ದದ್ದು ಅದೊಂದೇ ಮಗುವಿನ ಮುಖ. ಗೊತ್ತಿದ್ದ ದಾರಿ ಹಿಡಿದು ಕೈ ಮನೆಗೆ ಹೋಗಿಬಿಟ್ಟಿತ್ತು. ಅಳಿಸಲು ನೀರು ತಾಗಿಸಿದ; ಅಂಚಿನಲ್ಲಿ ಬಣ್ಣದ ಜೊತೆ ಕಾಗದದ ಸಿಪ್ಪೆ ಏಳತೊಡಗಿತು. ಅಲ್ಲಿಗೆ ಬಿಟ್ಟ. ಆಮೇಲಿನದು ಸುಲಭವಾಯಿತು. ದೊಡ್ಡದು ಮಾಡಿ, ಬೈತಲೆ, ಕಾಲರು, ಎಡಗಿವಿ ಮಾತ್ರ ಆ ಮಗುವಿನದನ್ನೇ ಉಳಿಸಿಕೊಂಡು ಉಳಿದದ್ದನ್ನು ಮನೆಯ ಆಲ್ಬಮ್ ಎದುರಿಗಿಟ್ಟುಕೊಂಡು ಮುಗಿಸಿದ. ಲಾರಿಯವನು ಬಹಳ ಹೊತ್ತು ನೋಡಿ, 'ಹೌದು, ಇವಳೇ' ಎಂದ. ಆ ಚಿಕ್ಕ ಫೋಟೋ ಎಲ್ಲಿ ಎಂದು ಕೇಳಿದಾಗ, ಕೆಮಿಕಲ್ ಬಿದ್ದು ಹಾಳಾಯಿತು ಎಂದು ಇವನು ಹೇಳಿದ. ಹೋಗಲಿ ಬಿಡಿ, ದೊಡ್ಡದೇ ಬಂತಲ್ಲ ಎಂದು ಆ ಮನುಷ್ಯ ಇವನ ಕೈ ಹಿಡಿದುಕೊಂಡ. ಅವನೂ ಈಗಿಲ್ಲ.

ಆ ವರ್ಷದ ಚಳಿಯಲ್ಲಿ ಮಗಳಿಗೆ ಜ್ವರ ಬಂದಿತ್ತು. ಮಕ್ಕಳಿಗೆ ಬರುವಂಥದೇ ಜ್ವರ, ಮೂರು ದಿನದ್ದು. ಆದರೆ ಅವನು ಮಂಚದ ಪಕ್ಕ ನೆಲದ ಮೇಲೆ ಕೂತು ಅವಳ ಮುಖ ನೋಡಲಾರದೆ ಕಾಲು ಹಿಡಿದುಕೊಂಡಿದ್ದ. ಬದುಕಿರುವ ಮಗುವನ್ನು ಸತ್ತವರ ಗೋಡೆಗೆ ತೂಗುಹಾಕಿ ಬಂದವನು ನಾನು ಎಂಬ ಮಾತು ತಲೆಯೊಳಗೆ ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಇಂಥದನ್ನೆಲ್ಲ ನಂಬುವ ಜಾತಿಯವನಲ್ಲ ಅವನು. ನಂಬದಿದ್ದರೂ ಭಯವಾಗುವುದು ತಪ್ಪಲಿಲ್ಲ. ಹಲ್ಲು ಬಿದ್ದಾಗ, ಕೂದಲು ಕತ್ತರಿಸಿದಾಗ, ಸೈಕಲ್ಲಿಂದ ಬಿದ್ದು ಗಲ್ಲದಲ್ಲಿ ಗಾಯದ ಗುರುತು ಉಳಿದಾಗ ಅವನಿಗೆ ಸಂತೋಷವೇ ಆಗಿತ್ತು. ಗೋಡೆಯ ಮೇಲಿನವಳಿಂದ ಅವಳು ದೂರ ಹೋಗುತ್ತಿದ್ದಾಳೆ ಎಂದು. ಗಾಯವಾದ ಮಗುವಿನ ಮುಂದೆ ಅಪ್ಪ ನಗುತ್ತಿದ್ದಾನೆಂದು ಹೆಂಡತಿ ಅಂದು ಬಾಯಿಗೆ ಬಂದ ಹಾಗೆ ಬೈದಿದ್ದಳು.

ಹನ್ನೊಂದೂವರೆಗೆ ಅವನು ಬಾಗಿಲು ಎಳೆದುಕೊಂಡು ಗಿರಣಿಯ ಕಡೆ ಹೊರಟ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆ ಫೋಟೋ ಕಳಿಸಬೇಡ ಅಂತ ನಮ್ಮ ಹುಡುಗಿಗೆ ನೀವೇ ಹೇಳಿ ಎನ್ನಬಹುದು. ಗೋಡೆಯಲ್ಲಿರುವುದನ್ನು ಹೊಸದಾಗಿ ಮಾಡಿಕೊಡುತ್ತೇನೆ, ಕೊಡಿ ಎಂದು ತೆಗೆದುಕೊಂಡು ಬರಬಹುದು. ನಡೆಯುತ್ತ ನಡೆಯುತ್ತ ಹೋದ ತಿಂಗಳು ಹತ್ತಿರದ ಕಾಲೇಜಿಗೆ ಮಗಳ ಜೊತೆ ನೋಡಲು ಹೋಗಿದ್ದು ನೆನಪಿಗೆ ಬಂದು ಕಿವಿ ಬಿಸಿಯಾಯಿತು. ಅಲ್ಲಿ ಒಬ್ಬ ಎಳೆಯ ಮೇಷ್ಟ್ರು ಪರದೆಯ ಮೇಲೆ ಮುದುಕಿಯೊಬ್ಬಳ ಬೊಚ್ಚುಬಾಯಿ ತೋರಿಸಿ, ಒಂದು ಗುಂಡಿ ಒತ್ತಿ ಹಲ್ಲು ತುಂಬಿಸಿದ. ಮಕ್ಕಳೆಲ್ಲ ನಕ್ಕರು. 'ಹಿಂದೆ ಇದನ್ನೇ ಪೆನ್ಸಿಲ್ ಹಿಡ್ಕೊಂಡು ವಾರಗಟ್ಟಲೆ ಕೆರೀತಾ ಕೂರ್ತಿದ್ರು ಪಾಪ' ಎಂದ ಮೇಷ್ಟ್ರು. ಎಲ್ಲರಿಗಿಂತ ಜೋರಾಗಿ ನಕ್ಕವನು ಇವನು. ಮಗಳು ನಗದೆ ಎದ್ದು ನಿಂತು, ನಮ್ಮಪ್ಪ ಅದೇ ಕೆಲಸ ಮಾಡೋದು ಎಂದುಬಿಟ್ಟಳು. ಮೇಷ್ಟ್ರು ಕೆಂಪಾಗಿ ಕೆಳಗಿಳಿದು ಬಂದು ಕೈ ಕುಲುಕಿದಾಗ ಇವನು ಹಲ್ಲು ಕಿರಿಯುತ್ತ 'ಪರವಾಗಿಲ್ಲ ಸಾರ್, ನೀವು ಹೇಳಿದ್ದೇ ಸರಿ' ಎಂದಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿಕೊಂಡು, ನೀನು ಯಾಕೆ ನಕ್ಕೆ ಎಂದು ಒಂದೇ ಸಲ ಕೇಳಿದಳು. ನನ್ನ ಅಪ್ಪ ಒಂದು ದೊಡ್ಡ ಕೆಲಸ ಮಾಡುವವನು ಎಂದು ಅವಳು ನಂಬಿದ್ದಾಳೆ. ಅದೇ ನಂಬಿಕೆಯಿಂದ ಕ್ಯಾಮೆರಾ ಹಿಡಿದವಳು.

ಹೊಲಿಗೆಯಾಕೆ ಯಂತ್ರದ ಮುಂದೆ ಕೂತು ಯಾವುದೋ ಶಾಲೆಯ ಸಮವಸ್ತ್ರಕ್ಕೆ ಕಾಲರು ಕೂರಿಸುತ್ತಿದ್ದಳು. ಅವನನ್ನು ನೋಡಿ ಕಾಲು ನಿಲ್ಲಿಸಿದಳು. ಪರಿಚಯ ಹೇಳಿಕೊಳ್ಳಬೇಕೆಂದು ಅವನು ಬಾಯಿ ತೆರೆಯುವ ಮೊದಲೇ 'ಬನ್ನಿ ಮಾಸ್ಟ್ರೇ' ಎಂದು, ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿ ಎತ್ತಿ ಜಾಗ ಮಾಡಿದಳು. ಅವನು ಗೋಡೆಗೆ ಬೆನ್ನು ಮಾಡಿ ಕೂತ. ಬೆನ್ನು ಮಾಡಿದರೂ ಆ ಫೋಟೋ ನೋಡುತ್ತಿರುವುದು ಕತ್ತಿಗೆ ಗೊತ್ತಾಗುತ್ತಿತ್ತು.

'ಫೋಟೋ ಗಾಜಿನ ಒಳಗಡೆ ತೇವ ಆಗಿದೆಯೇನೋ ಅಂತ ನೋಡೋಕೆ ಬಂದೆ' ಎಂದ. 'ಹಳೇ ಕೆಲಸ ನೋಡಿ. ಬೇಕಾದ್ರೆ ಹೊಸದು ಮಾಡಿಕೊಡ್ತೀನಿ.'

'ಹದಿಮೂರು ವರ್ಷ ಆಗದ ತೇವ ಈಗ ಯಾಕಾಗುತ್ತೆ?' ಅವಳು ಸೂಜಿಯ ಕಣ್ಣಿಗೆ ದಾರ ಏರಿಸಿದಳು, ಮೊದಲ ಸಲಕ್ಕೇ ಏರಿತು. 'ಹುಡುಗಿ ಏನಾದ್ರೂ ಹೇಳಿದ್ಲಾ?'

'ಏನು?'

'ಅವಳಿಗೆ ಗೊತ್ತಿಲ್ಲ ಅಂತ ಕಾಣ್ತದೆ. ನಂಗೂ ಗೊತ್ತಿರಲಿಲ್ಲ. ಇವಳೇ ನನ್ನವಳು ಅಂತಲೇ ಇದ್ದೆ. ನಾಲ್ಕು ತಿಂಗಳ ಹಿಂದೆ ನಿಮ್ಮ ಹುಡುಗಿ ಬಂದು ಬಾಗಿಲಲ್ಲಿ ನಿಂತ್ಲು. ನನ್ನ ಮಗಳು ಬೆಳೆದು ಬಂದ್ಲಾ ಅಂತ ಒಂದು ಗಳಿಗೆ ಅನ್ನಿಸ್ತು, ನೋಡಿ. ಆಮೇಲೆ ಯಾರಮ್ಮ ನೀನು ಅಂತ ಕೇಳ್ದೆ. ಟಚಿಂಗ್ ಮಾಸ್ಟರ್ ಮಗಳು ಅಂದ್ಲು.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಕೂರಲು ಸುಲಭವಾಗುತ್ತಿತ್ತು. 'ಬೈಯೋಕೆ ಅಂತ ನಿಮ್ಮ ಅಂಗಡಿ ತನಕ ಎರಡು ಸಲ ಬಂದೆ. ಎರಡು ಸಲವೂ ತಿರುಗಿ ಬಂದೆ. ಯಾಕೆ ಗೊತ್ತಾ? ನನ್ನವಳು ಹೇಗಿದ್ಲು ಅಂತ ಕಣ್ಣು ಮುಚ್ಚಿ ನೆನೆಸಿಕೊಂಡ್ರೆ ಇದೇ ಬರ್ತದೆ. ನಿಮ್ಮವಳೇ ಬರ್ತಾಳೆ. ನನ್ನವಳ ಮುಖ ಮರೆತುಹೋಗಿದೆ ಮಾಸ್ಟ್ರೇ.'

ತಪ್ಪಾಯಿತು ಎಂಬ ಮಾತು ಅವನ ನಾಲಗೆಯ ತುದಿಯವರೆಗೆ ಬಂದು, ಇಷ್ಟು ದೊಡ್ಡದಕ್ಕೆ ಇಷ್ಟು ಚಿಕ್ಕ ಮಾತೇ ಅನ್ನಿಸಿ ಅಲ್ಲೇ ಉಳಿಯಿತು.

'ನಮ್ಮವರು ಕೊಟ್ಟಿದ್ರಲ್ಲ, ಆ ಚಿಕ್ಕ ಫೋಟೋ' ಎಂದಳು. 'ಹಾಳಾಯ್ತು ಅಂದಿದ್ರಂತೆ. ಹಾಳಾದದ್ದೇ ಆಗಲಿ, ಚೂರಿದ್ರೂ ಸಾಕು. ಒಂದು ಸಲ ನೋಡ್ಬೇಕು. ಅಷ್ಟೇ ನಾನು ಕೇಳೋದು.'

'ಹುಡುಕ್ತೀನಿ' ಎಂದು ಎದ್ದವನು ನೇರ ಸ್ಟುಡಿಯೋಗೆ ಬಂದ. ಹುಡುಕುವುದೇನು ಬಂತು. ಒಳಕೋಣೆಯ ಮೂರನೆಯ ಖಾನೆಯಲ್ಲಿ, ಕತ್ತರಿಸಿ ಉಳಿದ ರಟ್ಟುಗಳ ಅಡಿಯಲ್ಲಿ, ಕಂದು ಲಕೋಟೆಯೊಳಗೆ ಇದೆ. ಎಸೆಯಲೂ ಆಗದೆ, ಇಟ್ಟುಕೊಂಡು ನೋಡಲೂ ಆಗದೆ ಹದಿಮೂರು ವರ್ಷ ಅಲ್ಲೇ ಇದೆ. ತೆಗೆದು ಭೂತಗನ್ನಡಿ ಹಿಡಿದ. ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಮಂದಿ ಮಸುಕಾಗಿದ್ದರು, ಒಬ್ಬಳು ಮಾತ್ರ ನಿನ್ನೆ ಬರೆದ ಹಾಗೆ ಸ್ಪಷ್ಟವಾಗಿದ್ದಳು. ಒಳ್ಳೆಯ ಕೆಲಸ ಎಂದು ಕಣ್ಣು ತಾನಾಗಿ ಮೆಚ್ಚಿತು, ಮೆಚ್ಚಿದ್ದೇ ಭೂತಗನ್ನಡಿ ಕೆಳಗಿಟ್ಟ. ಸುಳ್ಳು ಹೇಳಿ ಒಂದು ಮಗುವಿನ ತಾಯಿಗೆ ಸಮಾಧಾನ ಕೊಟ್ಟೆ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡದ್ದು ನಿಜವಲ್ಲ. ಮೊಣಕೈಯ ಪಕ್ಕ ಆ ಮಗು ಇತ್ತು. ಬೂದು ಮಚ್ಚೆಯಾಗಿದ್ದರೂ ಅದೇ ಇತ್ತು. ಅದರ ಮೇಲೆ ಇವನು ತನ್ನ ಮಗಳನ್ನು ಕೂರಿಸಿಬಿಟ್ಟ. ಆ ಮಗು ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮಗಳು ಬಂದಾಗ ಅವನು ಹಾಗೆಯೇ ಕೂತಿದ್ದ. ಅವಳ ಕೈಯಲ್ಲಿ ಎರಡು ಲಕೋಟೆ, ಒಂದು ತೆಳ್ಳಗಿನದು, ಒಂದು ದಪ್ಪ. 'ಆ ಪುಟ ಇನ್ನೂ ಬರ್ದಿಲ್ಲ ಅಪ್ಪ. ನೀನು ಬೆಳಿಗ್ಗೆ ಅಷ್ಟೆಲ್ಲ ಹೇಳಿದ್ಮೇಲೆ ಬರೆಯೋಕೇ ಆಗ್ಲಿಲ್ಲ. ಹತ್ತಿರದ್ದೇ ಸರೀನಾ? ನೀನು ಹೇಳಿದ್ರೆ ಅದೇ ಸರಿ' ಎಂದಳು. ಆಡಬೇಕಾದ್ದು ಒಂದೇ ಶಬ್ದ. ಹೂಂ ಎಂದರೆ ದಪ್ಪ ಲಕೋಟೆ ಮನೆಗೆ ವಾಪಸು ಹೋಗುತ್ತದೆ, ಅವಳು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬೊಚ್ಚುಬಾಯಿಗೆ ಹಲ್ಲು ತುಂಬಿಸುವುದನ್ನು ಕಲಿಯುತ್ತಾಳೆ, ಅಪ್ಪನನ್ನು ಎಂದಿನಂತೆ ನೋಡುತ್ತಾಳೆ. ಹೂಂ ಎನ್ನಲು ಬಾಯಿ ತೆರೆದ. ಅವಳ ಗಲ್ಲದ ಗಾಯದ ಗುರುತು ಕಂಡಿತು. ಅವನು ಭೂತಗನ್ನಡಿಯನ್ನೂ ಗುಂಪಿನ ಫೋಟೋವನ್ನೂ ಅವಳ ಕಡೆ ಸರಿಸಿದ.

'ಕೊನೇ ಸಾಲು ನೋಡು. ಮೊಣಕೈ ಪಕ್ಕ.'

ಅವಳು ಬಾಗಿ ನೋಡಿದಳು. 'ನಾನು. ಯಾರ ಮದುವೆ ಇದು? ನಾನು ಹೋಗಿದ್ದೆ ಅಂತಾನೇ ನೆನಪಿಲ್ಲ.'

'ನೀನು ಹೋಗಿರಲಿಲ್ಲ' ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಹೇಳುವುದಕ್ಕೆ ಇಷ್ಟು ಕಡಿಮೆ ಹೊತ್ತು ಸಾಕು ಎಂದು ಅವನಿಗೆ ಗೊತ್ತಿರಲಿಲ್ಲ, ಗೋಡೆಯ ಗಡಿಯಾರದಲ್ಲಿ ಏಳೇ ನಿಮಿಷ ಕಳೆದಿತ್ತು. ಯಜಮಾನರ ಮಾತು, ಒಂದೇ ಗೆರೆ, ನೀರು ತಾಗಿಸಿದ್ದು, ಕೆಮಿಕಲ್ ಎಂದದ್ದು, ಮಧ್ಯಾಹ್ನ ಹೊಲಿಗೆಯಾಕೆ ಕೇಳಿದ್ದು. ಮಗಳು ಭೂತಗನ್ನಡಿ ಕೆಳಗಿಡದೆ ಕೇಳಿಸಿಕೊಂಡಳು. ಅಳುತ್ತಾಳೆ ಎಂದುಕೊಂಡಿದ್ದ, ಅಳಲಿಲ್ಲ.

'ಅವರು ಮುಖ ಹಿಡ್ಕೊಂಡಾಗ' ಎಂದು ಶುರು ಮಾಡಿ ನಿಲ್ಲಿಸಿದಳು. ಭೂತಗನ್ನಡಿ ಕೆಳಗಿಟ್ಟಳು. 'ಹತ್ತಿರದ ಕಾಲೇಜು ಹತ್ತಿರದ ಕಾಲೇಜು ಅಂತ ಬೆಳಿಗ್ಗೆಯಿಂದ ಬಡ್ಕೊಂಡಿದ್ದು ಇದಕ್ಕೇನಾ?'

'ಹೂಂ.'

'ನನ್ನ ಊಟ, ನನ್ನ ಆರೋಗ್ಯ.'

ಅವಳು ತೆಳ್ಳಗಿನ ಲಕೋಟೆಯನ್ನು ಹರಿಯಲಿಲ್ಲ, ನೀಟಾಗಿ ಅವನ ಮೇಜಿನ ಮೇಲೆ ಇಟ್ಟಳು. ದಪ್ಪ ಲಕೋಟೆಯಿಂದ ಖಾಲಿ ಪುಟ ತೆಗೆದು, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ನಿಂತುಕೊಂಡೇ ಬರೆಯತೊಡಗಿದಳು. ಎಷ್ಟು ಬೇಗ ಬರೆಯುತ್ತಾಳೆ ಇವಳು. ಬರೆದು ತಿರುಗಿಸಿ ಅವನ ಮುಂದೆ ಹಿಡಿದಳು. 'ಗೋಡೆಯ ಮೇಲಿನ ಕಣ್ಣು, ಮೂಗು, ಬಾಯಿ ನನ್ನವು. ಇದನ್ನು ಮಾಡಿದ್ದು ನನ್ನ ಅಪ್ಪ. ಬೈತಲೆ, ಕಾಲರು, ಎಡಗಿವಿ' ಎಂದು ಬರೆದು ಒಂದು ಬೆರಳಿನಷ್ಟು ಜಾಗ ಬಿಟ್ಟು, 'ಎಂಬವಳವು' ಎಂದು ಮುಂದುವರಿಸಿದ್ದಳು.

'ಅವಳ ಹೆಸರೇನು ಅಪ್ಪ?'

ಅವನಿಗೆ ಗೊತ್ತಿರಲಿಲ್ಲ. ಹದಿಮೂರು ವರ್ಷ ಆ ಮಗು ಅವನ ನಿದ್ದೆಯೊಳಗೆ ಬಂದು ಕೂತಿದೆ, ಮಗಳ ಜ್ವರದಲ್ಲಿ ಬಂದಿದೆ, ಕನ್ನಡಿಯಲ್ಲಿ ಬಂದಿದೆ. ಒಂದು ದಿನವೂ ಅವನು ಹೆಸರು ಕೇಳಿರಲಿಲ್ಲ.

'ನಾನೂ ಕೇಳ್ಲಿಲ್ಲ. ಶನಿವಾರ ಶನಿವಾರ ಹೋಗಿ ಅವರ ಮನೆ ಬಿಸ್ಕತ್ತು ತಿಂದು ಬಂದೆ, ಕೇಳ್ಲಿಲ್ಲ' ಎಂದಳು ಮಗಳು. ಆಗ ಅವಳ ದನಿ ಒಡೆಯಿತು. 'ಹೋಗಿ ಕೇಳ್ಕೊಂಡು ಬಾ. ಈ ಫೋಟೋನೂ ಕೊಟ್ಟು ಬಾ. ನಾನು ಕೊರಿಯರ್ ಆಫೀಸಲ್ಲಿ ಇರ್ತೀನಿ. ಐದಕ್ಕೆ ಮುಚ್ತಾರೆ.'

ಹೊಲಿಗೆಯಾಕೆ ಅವನ ಕೈಯಲ್ಲಿದ್ದ ಕಂದು ಲಕೋಟೆ ನೋಡಿದ್ದೇ ಎದ್ದು ಕೈ ತೊಳೆದುಕೊಂಡು ಬಂದಳು. ಸೆರಗಿನಲ್ಲಿ ಒರೆಸಿ, ಮತ್ತೊಮ್ಮೆ ಒರೆಸಿ, ಯಂತ್ರದ ಪುಟ್ಟ ದೀಪ ಹಾಕಿ ಫೋಟೋವನ್ನು ಅದರ ಕೆಳಗೆ ಹಿಡಿದಳು. ಅವನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕಾಲರಿನ ಹೊಲಿಗೆ ನೋಡಿ ನೋಡಿ ಹರಿತವಾದ ಕಣ್ಣು ಅವಳದು, ಭೂತಗನ್ನಡಿ ಬೇಕಾಗಲಿಲ್ಲ. ಮೊದಲ ಸಾಲು, ಎರಡನೆಯ ಸಾಲು, ಕೊನೆಯ ಸಾಲು. ಅಲ್ಲಿ ನಿಂತಿತು. ಯಾರೋ ಹೊರಗೆ ಬೀದಿಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

'ಇದೂ ನಿಮ್ಮವಳೇ' ಎಂದಳು.

'ಮೂಲದ ಮೇಲೇ ಕೈ ಇಟ್ಟೆ ಅಮ್ಮ. ಇಡಬಾರದಿತ್ತು. ಅಳಿಸೋಕೆ ಹೋದೆ, ಆಗಲಿಲ್ಲ.'

ಅವಳು ಕೇಳಿಸಿಕೊಂಡಳೋ ಇಲ್ಲವೋ. ಹೆಬ್ಬೆರಳನ್ನು ಮೆಲ್ಲಗೆ ತಂದು ಆ ಮುಖದ ಮೇಲೆ ಇಟ್ಟು ಮುಚ್ಚಿದಳು. ಬೆರಳು ದೊಡ್ಡದಾಯಿತೆಂದು ತೆಗೆದು, ಉಗುರಿನ ತುದಿಯಿಂದ ಕಣ್ಣು ಮೂಗು ಬಾಯಿ ಮಾತ್ರ ಮರೆಮಾಡಿದಳು. ಉಳಿದದ್ದು ಒಂದು ಎಳೆ ಬೈತಲೆ, ಕಾಲರಿನ ಬಿಳಿ, ಸಾಸಿವೆಯಷ್ಟು ಕಿವಿ. ಅದನ್ನು ನೋಡತೊಡಗಿದಳು. ಅವನು ನಿಂತೇ ಇದ್ದ. 'ಈ ಫ್ರಾಕು ನಾನೇ ಹೊಲಿದಿದ್ದು' ಎಂದಳು ಕೊನೆಗೆ, ಅವನಿಗಲ್ಲ.

ಹೊತ್ತಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಕೇಳುವುದು ಎಷ್ಟು ನಾಚಿಕೆಗೇಡು ಎಂದು ಗೊತ್ತಿದ್ದೇ ಅವನು ಕೇಳಿದ. ಮಗಳು ಎಲ್ಲ ಇದ್ದ ಹಾಗೆ ಬರೆದಿದ್ದಾಳೆ ಎಂದ, ನನ್ನ ತಪ್ಪನ್ನೂ ಬರೆದಿದ್ದಾಳೆ ಎಂದ, ಒಂದು ಜಾಗ ಉಳಿದಿದೆ ಎಂದ. 'ಮಗು ಹೆಸರು ಏನು ಅಮ್ಮ?'

ಅವಳು ತಲೆ ಎತ್ತಿದಳು. ಅವಳ ಕಣ್ಣಿನಲ್ಲಿ ಆ ದಿನ ಮೊದಲ ಸಲ ಸಿಟ್ಟು ಕಂಡಿತು.

'ನಿಮ್ಮ ಹುಡುಗಿ ಒಳ್ಳೇ ಕಡೆ ಓದಲಿ. ಆ ಫೋಟೋ ಕಳಿಸಲಿ, ನಂಗೇನೂ ಬೇಜಾರಿಲ್ಲ. ಶನಿವಾರ ಬರ್ತೀನಿ ಅಂದ್ರೆ ಬರಲಿ, ಅವಳದೇನು ತಪ್ಪಿದೆ. ಹೆಸರು ಮಾತ್ರ ಹೇಳಲ್ಲ ಮಾಸ್ಟ್ರೇ. ನಿಮ್ಮ ಕೈ ತಾಗದೇ ಇರೋದು ಅದೊಂದೇ ಉಳಿದಿರೋದು ನನ್ನ ಹತ್ರ.'

ಅವನು ಓಣಿಯಿಂದ ದೊಡ್ಡ ಬೀದಿಗೆ ಹೇಗೆ ಬಂದನೋ. ಓಡುತ್ತಿದ್ದ, ಆ ವಯಸ್ಸಿನವನು ಓಡುವುದನ್ನು ನೋಡಿ ಇಬ್ಬರು ದಾರಿ ಬಿಟ್ಟರು. ಕೊರಿಯರ್ ಆಫೀಸಿನಲ್ಲಿ ಮಗಳು ಕೌಂಟರಿಗೆ ಒರಗಿ ನಿಂತಿದ್ದಳು, ಗುಮಾಸ್ತ ತೂಕದ ಯಂತ್ರದ ಮೇಲೆ ಬಟ್ಟೆ ಹೊದಿಸಲು ಅವಸರ ಮಾಡುತ್ತಿದ್ದ. ಅವಳು 'ಕೊಟ್ಟೆಯಾ?' ಎಂದಳು. ಕೊಟ್ಟೆ ಎಂದ. 'ಹೇಳಿದ್ರಾ?' ಅವನು ಇಲ್ಲವೆಂದು ತಲೆಯಾಡಿಸಿದ. ಅವಳಿಗೆ ಅಷ್ಟು ಸಾಕಾಯಿತು, ಯಾಕೆ ಎನ್ನಲಿಲ್ಲ. ಪುಟವನ್ನು ಫೋಟೋಗಳ ಮೇಲಿಟ್ಟು ಕೌಂಟರಿನ ಒಳಗೆ ದೂಡಿದಳು. ಗುಮಾಸ್ತ ಕನ್ನಡಕ ಏರಿಸಿ ಓದಿದ. ಒಳ್ಳೆಯ ಮನುಷ್ಯ, ಮಕ್ಕಳ ಅರ್ಜಿಗಳನ್ನು ಎಷ್ಟೋ ವರ್ಷದಿಂದ ಕಳಿಸುತ್ತಿದ್ದವನು.

'ಇಲ್ಲಿ ಒಂದು ಹೆಸರು ಬಿಟ್ಟಿದೀಯಲ್ಲಮ್ಮ. ಅರ್ಧಂಬರ್ಧ ಇದ್ರೆ ಆ ಕಾಲೇಜಿನವರು ಹಾಗೇ ವಾಪಸ್ ಕಳಿಸ್ತಾರೆ, ಹೋದ ವರ್ಷ ಒಬ್ಬನಿಗೆ ಬಂದಿತ್ತು. ಏನಾದ್ರೂ ಬರ್ದುಬಿಡು, ಯಾರು ನೋಡ್ತಾರೆ' ಎಂದು ಪೆನ್ನು ಮುಂದೆ ಮಾಡಿದ.

ಮಗಳು ಪೆನ್ನು ಮುಟ್ಟಲಿಲ್ಲ. ಅಪ್ಪನನ್ನು ನೋಡಿದಳು. ಆ ಬೆರಳಿನಷ್ಟು ಬಿಳಿ ಜಾಗ ಅವನಿಗೆ ಎದುರಿಗಿತ್ತು. ಹುಡುಗಿಯರ ಹೆಸರುಗಳು ಎಷ್ಟು ಬೇಕಾದರೂ ಅವನಿಗೆ ಗೊತ್ತಿದ್ದವು, ಆ ದುಂಡು ಕಾಲರಿಗೆ, ಆ ವಯಸ್ಸಿಗೆ, ಆ ಕಾಲಕ್ಕೆ ಒಪ್ಪುವಂಥವು. ಒಂದು ಹೆಸರು ಬಂದೇಬಿಟ್ಟಿತು, ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ ಅದೇ ನಿಜವಿರಬೇಕು ಅನ್ನಿಸಿತು. ಪೆನ್ನು ಆಗಲೇ ಅವನ ಕೈಯಲ್ಲಿತ್ತು, ಯಾವಾಗ ತೆಗೆದುಕೊಂಡನೋ ತಿಳಿಯದು. ಇದಿಲ್ಲದಿದ್ದರೆ ಆ ಹದಿನಾರು ಮಂದಿಯಲ್ಲಿ ಮಗಳ ಜಾಗ ಹೋಗಬಹುದು, ಹತ್ತಿರದ ಕಾಲೇಜಿನ ಕಾಗದ ಅವನ ಮೇಜಿನ ಮೇಲೇ ಕೂತಿದೆ, ಇವತ್ತಿಗೆ ಅದೂ ಮುಗಿಯಿತು.

ಅವನು ಪೆನ್ನನ್ನು ಗುಮಾಸ್ತನ ಕಡೆ ತಳ್ಳಿದ.

'ನಮಗೆ ಗೊತ್ತಿಲ್ಲ' ಎಂದ. 'ಹಾಗೇ ಹೋಗಲಿ.'

ಗುಮಾಸ್ತ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ನಿಮ್ಮಿಷ್ಟ ಎಂದು, ಲಕೋಟೆಯ ಬಾಯಿಗೆ ಅಂಟು ಹಚ್ಚಿದ.